ಮಳೆಗಾಲದಲ್ಲಿ ಚರ್ಮದ ಅಟ್ಟೆಯ ಬೂಟು ಜಾರುತ್ತಿದೆಯೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಮೃಗಶಿರ ಮಳೆ ಹಿಡಿಯಿತೆಂದರೆ ಬೆಳಗಾವಿಯ ಕೋರ್ಟು, ಬ್ಯಾಂಕು, ಕಾಲೇಜುಗಳ ಮೆಟ್ಟಿಲುಗಳಲ್ಲಿ ಗೋಡೆ ಹಿಡಿದು ನಡೆಯುವವರ ಸಂಖ್ಯೆ ಹೆಚ್ಚುತ್ತದೆ. ಅವರಲ್ಲಿ ಅನೇಕರ ಕಾಲಲ್ಲಿ ಚರ್ಮದ ಅಟ್ಟೆಯ ಕರಿ ಬೂಟು ಇರುತ್ತದೆ. ಎಲ್ಲರ ದೂರೂ ಒಂದೇ, ‘ಬೂಟು ಜಾರುತ್ತದೆ’ ಎಂಬುದು. ಆದರೆ ಈ ಒಂದು ದೂರಿನ ಹಿಂದೆ ಬೇರೆ ಬೇರೆ ದೋಷಗಳಿರುತ್ತವೆ, ಮತ್ತು ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತಿದ್ದೇನೆ. ಸೋದರಳಿಯನ ಮದುವೆಯಲ್ಲಿ ಕಲ್ಯಾಣ ಮಂಟಪದ ಒದ್ದೆ ಮೆಟ್ಟಿಲ ಮೇಲೆ ಜಾರಿ ಕುಳಿತ ಮರುವಾರವೇ ಬೂಟಿನ ಮುಂಭಾಗಕ್ಕೆ ರಬ್ಬರು ಹಾಕಿಸಿದೆ. ಹದಿನೈದು ದಿನಗಳಲ್ಲಿ ಮತ್ತೆ ಜಾರಿದೆ. ಆಮೇಲೆ ತಿರುಗಿಸಿ ನೋಡಿದರೆ ದೋಷ ಇದ್ದದ್ದು ಹೀಲಿನಲ್ಲಿ. ಆದ್ದರಿಂದ ಖರ್ಚಿಗೆ ಕೈ ಹಾಕುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಹೆಜ್ಜೆಯ ಯಾವ ಹಂತದಲ್ಲಿ ಜಾರುತ್ತದೆ, ಮತ್ತು ಯಾವ ನೆಲದ ಮೇಲೆ ಜಾರುತ್ತದೆ.

ಪರೀಕ್ಷಿಸುವಾಗ ವಹಿಸಬೇಕಾದ ಎಚ್ಚರ

ಬೂಟು ಜಾರುತ್ತದೆಯೋ ಇಲ್ಲವೋ ಎಂದು ನೋಡಲು ಮೆಟ್ಟಿಲ ಮೇಲಾಗಲಿ, ಬಚ್ಚಲಿನಲ್ಲಾಗಲಿ ಪ್ರಯೋಗ ಮಾಡಬಾರದು. ಸಮತಟ್ಟಾದ ಜಾಗದಲ್ಲಿ ಒಂದು ಕೈಯಿಂದ ಕಿಟಕಿಯ ಸರಳನ್ನೋ ಬಾಗಿಲಿನ ಚೌಕಟ್ಟನ್ನೋ ಹಿಡಿದುಕೊಂಡು, ದೇಹದ ಭಾರವನ್ನು ನಿಂತ ಕಾಲಿನ ಮೇಲಿರಿಸಿ, ಇನ್ನೊಂದು ಕಾಲನ್ನು ಮೆಲ್ಲಗೆ ಒತ್ತಿ ಮುಂದಕ್ಕೂ ಹಿಂದಕ್ಕೂ ಎಳೆದು ನೋಡಿದರೆ ಸಾಕು. ಬಿದ್ದು ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಅಥವಾ ಹೆಚ್ಚುತ್ತಿರುವ ತಲೆನೋವು ಕಾಣಿಸಿದರೆ, ಅಥವಾ ವಯಸ್ಸಾದವರು ಬಿದ್ದು ಕಾಲೂರಿ ನಿಲ್ಲಲಾರದೆ ಹೋದರೆ, ಅವರನ್ನು ಎಬ್ಬಿಸಿ ನಡೆಸುವ ಪ್ರಯತ್ನ ಮಾಡದೆ 108ಕ್ಕೆ ಕರೆ ಮಾಡಬೇಕು. ಸೊಂಟದ ಮೂಳೆ ಮುರಿದಿದ್ದರೆ ಎತ್ತಿ ನಿಲ್ಲಿಸುವುದರಿಂದ ಹಾನಿ ಹೆಚ್ಚುತ್ತದೆ.

ಅಟ್ಟೆ ನಿಜಕ್ಕೂ ಚರ್ಮದ್ದೇ ಎಂಬುದು ಖಚಿತವಿಲ್ಲ

ಖರ್ಚಿಲ್ಲದ ಮೊದಲ ಪರೀಕ್ಷೆ ಇದು. ಮೇಲ್ಭಾಗ ಚರ್ಮದ್ದಾಗಿದ್ದು ಅಟ್ಟೆ ಪ್ಲಾಸ್ಟಿಕ್ಕಿನದೋ ಕೃತಕ ರಬ್ಬರಿನದೋ ಆಗಿರುವ ಬೂಟುಗಳೇ ಅಂಗಡಿಗಳಲ್ಲಿ ಹೆಚ್ಚು. ಅಟ್ಟೆಯ ಅಂಚನ್ನು ಬೆಳಕಿಗೆ ಹಿಡಿದಾಗ ಪದರ ಪದರವಾದ ನಾರು ಕಂಡರೆ ಅದು ಚರ್ಮ. ಅನುಮಾನ ಉಳಿದರೆ ಸವೆದ ಭಾಗದ ಮೇಲೆ ಒಂದು ಹನಿ ನೀರು ಬಿಟ್ಟು ಕೆಲವು ನಿಮಿಷ ಕಾಯಬೇಕು. ಚರ್ಮವಾದರೆ ಹನಿ ಇಂಗಿ ಕಪ್ಪು ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಆದರೆ ಹನಿ ಹಾಗೆಯೇ ನಿಂತಿರುತ್ತದೆ.

ಚರ್ಮವಲ್ಲದ ಅಟ್ಟೆ ಜಾರುತ್ತಿದ್ದರೆ ಕೆಳಗಿನ ಬಹುಪಾಲು ಉಪಾಯಗಳು ಅದಕ್ಕೆ ಸಲ್ಲವು. ಹಳೆಯ ಪ್ಲಾಸ್ಟಿಕ್ ಅಟ್ಟೆ ಗಟ್ಟಿಯಾಗಿ ಗಾಜಿನಂತೆ ನುಣುಪಾಗಿದ್ದರೆ ಅಟ್ಟೆಯನ್ನೇ ಬದಲಿಸಬೇಕು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಬೂಟಿನ ಅಟ್ಟೆ ಬೆರಳೊತ್ತಿದರೆ ರೊಟ್ಟಿಯ ಚೂರಿನಂತೆ ಉದುರುತ್ತಿದ್ದರೆ ಅದು ಪಾಲಿಯುರೆಥೇನ್ ಅಟ್ಟೆ. ಗಾಳಿಯ ತೇವದಿಂದಲೇ ಅದು ಒಳಗಿಂದೊಳಗೆ ಒಡೆದುಹೋಗಿರುತ್ತದೆ, ದುರಸ್ತಿಗೆ ಬಾರದು.

ಹೊಸ ಬೂಟು, ಮೊದಲ ದಿನವೇ ಜಾರುತ್ತದೆ

ಇದು ದೋಷವಲ್ಲ, ಹೊಸತನ. ಅಟ್ಟೆಯ ಚರ್ಮವನ್ನು ಕಾರ್ಖಾನೆಯಲ್ಲಿ ಒತ್ತಿ ಗಟ್ಟಿಗೊಳಿಸಿ, ಮೇಲೆ ಬಣ್ಣವನ್ನೋ ಮೇಣವನ್ನೋ ಬಳಿದು ಹೊಳಪು ಕೊಟ್ಟಿರುತ್ತಾರೆ. ಆ ಹೊಳಪು ಅಂಗಡಿಯ ಕಪಾಟಿಗೆ ಚೆಂದವೇ ಹೊರತು ನೆಲಕ್ಕಲ್ಲ. ಮಳೆಯಿಲ್ಲದ ಮೂರು ನಾಲ್ಕು ದಿನ ಒರಟು ಕಾಂಕ್ರೀಟಿನ ಮೇಲೆ ನಡೆದಾಡಿದರೆ ಹೊಳಪು ತಾನಾಗಿಯೇ ಹೋಗಿ ನಾರಿನ ಮೇಲ್ಮೈ ತೆರೆದುಕೊಳ್ಳುತ್ತದೆ. ಮದುವೆ ನಾಳೆಯೇ ಇದ್ದು ಅಷ್ಟು ಸಮಯವಿಲ್ಲದಿದ್ದರೆ ಬಡಿಗರು ಬಳಸುವ 60 ಅಥವಾ 80 ನಂಬರಿನ ಮರಳು ಕಾಗದದಿಂದ, ನಡೆಯುವ ದಿಕ್ಕಿಗೆ ಅಡ್ಡಲಾಗಿ, ಅಂಗಾಲಿನ ಮುಂಭಾಗ ಊರುವ ಜಾಗವನ್ನಷ್ಟೇ ಹಗುರವಾಗಿ ಉಜ್ಜಬಹುದು.

ಹೀಗೆ ಉಜ್ಜುವಾಗ ಅಟ್ಟೆ ಪೂರ್ತಿ ಒಣಗಿರಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡಿರಬೇಕು, ಮತ್ತು ಅಂಚಿನುದ್ದಕ್ಕೂ ಕಾಣುವ ಹೊಲಿಗೆಗೆ ಕಾಗದ ತಾಗಬಾರದು. ಹೊಲಿಗೆಯ ದಾರ ಹರಿದರೆ ಅಟ್ಟೆಯೇ ಬಿಡತೊಡಗುತ್ತದೆ. ಚಾಕುವಿನಿಂದ ಅಡ್ಡಗೆರೆ ಕೊರೆಯುವ ಸಲಹೆಯನ್ನು ಕೆಲವರು ಕೊಡುತ್ತಾರೆ, ಅದನ್ನು ನಾನು ಒಪ್ಪುವುದಿಲ್ಲ. ನಡೆಯುವಾಗ ಅಟ್ಟೆ ಬಾಗುವುದು ಅಲ್ಲಿಯೇ, ಆದ್ದರಿಂದ ಗೆರೆ ಕೊರೆದಲ್ಲಿಯೇ ಬಿರುಕು ಬಿಡುತ್ತದೆ.

ಹೊರಗೆ ಸರಿಯಿದ್ದದ್ದು ಒಳಗೆ ಕಾಲಿಟ್ಟ ಕೂಡಲೇ ಜಾರುತ್ತದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದೇ, ಹೆಚ್ಚು ಜನರನ್ನು ಕೆಡವುವುದೂ ಇದೇ. ಡಾಂಬರು ರಸ್ತೆಯಲ್ಲಿ ಏನೂ ಆಗದೆ ಬಂದವರು ಕಚೇರಿಯ ಬಾಗಿಲು ದಾಟಿ ಎರಡನೆಯ ಹೆಜ್ಜೆಗೇ ಜಾರುತ್ತಾರೆ.

ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಮತಟ್ಟಾದ ನೆಲದಲ್ಲಿ ಸಾಧಾರಣ ವೇಗದಿಂದ ನಡೆಯಲು ಸುಮಾರು 0.2ರಷ್ಟು ಘರ್ಷಣಾಂಕ ಬೇಕು, ಅಂದರೆ ದೇಹದ ಭಾರದ ಐದನೆಯ ಒಂದು ಪಾಲಿನಷ್ಟು ಅಡ್ಡ ಹಿಡಿತ ನೆಲದಿಂದ ಸಿಗಬೇಕು. ಡಾಂಬರಿನ ಜಲ್ಲಿಯ ಮೊನೆಗಳು ನೀರಿನ ಪದರವನ್ನು ಸೀಳಿ ಅಟ್ಟೆಯನ್ನು ನೇರವಾಗಿ ಮುಟ್ಟುವುದರಿಂದ ಅಲ್ಲಿ ಈ ಹಿಡಿತಕ್ಕೆ ಕೊರತೆಯಾಗುವುದಿಲ್ಲ. ನುಣುಪಾದ ಟೈಲ್ಸಿನ ಮೇಲೆ ಅಂಥ ಮೊನೆಗಳಿಲ್ಲ. ಅಟ್ಟೆಯೂ ನುಣುಪು, ನೆಲವೂ ನುಣುಪು, ನಡುವೆ ಸಿಕ್ಕಿಕೊಂಡ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಹಾಗಾಗಿ ಕಾಲು ನೀರಿನ ಮೇಲೆ ತೇಲುತ್ತದೆ. ರಬ್ಬರಿನ ಅಟ್ಟೆಯಾದರೆ ಒತ್ತಡಕ್ಕೆ ತಗ್ಗಿ ನೆಲದ ಸಣ್ಣ ಏರುತಗ್ಗುಗಳಿಗೆ ಅಂಟಿಕೊಳ್ಳುತ್ತದೆ, ಅದರ ಗೀರುಗಳು ನೀರನ್ನು ಬದಿಗೆ ಹರಿಸುತ್ತವೆ. ಚರ್ಮಕ್ಕೆ ಇವೆರಡೂ ಸಾಧ್ಯವಿಲ್ಲ. ಮೇಲಾಗಿ ತೊಯ್ದ ಚರ್ಮ ಉಬ್ಬಿ, ಮೇಲ್ಮೈ ಲೋಳೆಲೋಳೆಯಾಗುತ್ತದೆ.

ಈ ವಿಷಯದಲ್ಲಿ ಬಾಗಲಕೋಟೆಯ ಕಡೆಯವರಿಗೆ ಒಂದು ಹೆಚ್ಚಿನ ತೊಂದರೆಯುಂಟು. ಇಳಕಲ್ಲಿನ ಕೆಂಪು ಗ್ರಾನೈಟು ಹೆಸರಾದ ಕಲ್ಲು, ಸುತ್ತಲಿನ ಮನೆ ಕಚೇರಿಗಳಿಗೆ ಹತ್ತಿರದಲ್ಲೇ ಸಿಗುವಂಥದು. ಒಳಗಿನ ನೆಲಕ್ಕೆ ಅದು ಒಪ್ಪುತ್ತದೆ. ಆದರೆ ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲನ್ನು ಮಳೆ ಬೀಳುವ ಹೊರ ಮೆಟ್ಟಿಲಿಗೂ ಹಾಕಿಸಿ, ಅಂಚಿನಲ್ಲಿ ಗೀರು ಹೊಡೆಸದೆ ಬಿಟ್ಟರೆ ಯಾವ ಬೂಟೂ ಅಲ್ಲಿ ಭರವಸೆಗೆ ಬಾರದು. ಅಂಥ ಮೆಟ್ಟಿಲಿನ ಮೇಲೆ ಮಾತ್ರ ಜಾರುತ್ತಿದ್ದರೆ ಬೂಟನ್ನು ದೂರುವುದನ್ನು ಬಿಟ್ಟು ಮೆಟ್ಟಿಲಿನ ಅಂಚಿಗೆ ಒರಟು ಪಟ್ಟಿ ಅಂಟಿಸುವಂತೆ ಕಟ್ಟಡದವರನ್ನು ಕೇಳಬೇಕು.

ಪರಿಹಾರ ಸರಳ. ಬಾಗಿಲಲ್ಲಿ ನಿಂತು ಎರಡೂ ಅಟ್ಟೆಗಳನ್ನು ಗೋಣಿತಾಟಿನ ಮೇಲೆ ಆರೆಂಟು ಸಲ, ಹಿಮ್ಮಡಿಯಿಂದ ಬೆರಳಿನವರೆಗೆ, ಒತ್ತಿ ಉಜ್ಜಬೇಕು. ತಾಟೇ ತೊಯ್ದು ತೊಟ್ಟಿಕ್ಕುತ್ತಿದ್ದರೆ ಅದರಿಂದ ಉಪಯೋಗವಿಲ್ಲ, ಚೀಲದಲ್ಲೊಂದು ಹಳೆಯ ಟವೆಲ್ಲಿನ ತುಂಡು ಇಟ್ಟುಕೊಳ್ಳುವುದು ಮೇಲು. ಒಳಗೆ ಬಂದ ಮೇಲೆ ಮೊದಲ ಇಪ್ಪತ್ತು ಹೆಜ್ಜೆಗಳನ್ನು ಗಿಡ್ಡವಾಗಿ, ಪಾದವನ್ನು ಚಪ್ಪಟೆಯಾಗಿ ಊರಿ ಇಡಬೇಕು. ಹೆಜ್ಜೆ ಗಿಡ್ಡವಾದಷ್ಟೂ ಬೇಕಾಗುವ ಅಡ್ಡ ಹಿಡಿತ ಕಡಿಮೆಯಾಗುತ್ತದೆ. ಒರೆಸಿಕೊಂಡ ಮೇಲೂ ಜಾರುತ್ತಿದ್ದರೆ ಮುಂದಿನ ವಿಭಾಗಗಳನ್ನು ನೋಡಬೇಕು.

ರಸ್ತೆಯಲ್ಲಿಯೇ ಜಾರುತ್ತದೆ

ಎಲ್ಲಿ ಜಾರಿತೆಂಬುದನ್ನು ನೆನಪಿಸಿಕೊಳ್ಳಬೇಕು. ಜೀಬ್ರಾ ಪಟ್ಟಿಯ ಬಿಳಿ ಬಣ್ಣ, ಚರಂಡಿಯ ಕಬ್ಬಿಣದ ಮುಚ್ಚಳ, ಹಾವಸೆ ಕಟ್ಟಿದ ಫರಸಿ, ಕೊಳೆತ ಎಲೆ ಇವುಗಳ ಮೇಲಾದರೆ ಬೂಟಿನ ತಪ್ಪಿಲ್ಲ. ಬಹಳ ದಿನಗಳ ಬಿಸಿಲಿನ ನಂತರ ಬಿದ್ದ ಮೊದಲ ಮಳೆಯಲ್ಲಂತೂ ರಸ್ತೆಯ ಎಣ್ಣೆ, ಧೂಳು ನೀರಿನೊಂದಿಗೆ ಕಲೆತು ಡಾಂಬರೂ ಜಾರುತ್ತದೆ.

ವಿಜಯಪುರದ ಕಡೆ ಈ ಲಕ್ಷಣಕ್ಕೆ ಬೇರೆಯೇ ಕಾರಣ ಇರುವುದುಂಟು. ಬೆಳಗಾವಿಯದು ಜೂನ್‌ನಿಂದ ದಿನಗಟ್ಟಲೆ ಬಿಡದೆ ಹಿಡಿಯುವ ಜಿಟಿಜಿಟಿ ಮಳೆ, ಅಲ್ಲಿ ಬೂಟಿಗೆ ಒಣಗಲು ಪುರುಸೊತ್ತೇ ಸಿಗದಿರುವುದು ಮುಖ್ಯ ತೊಂದರೆ. ವಿಜಯಪುರದಲ್ಲಿ ಮಳೆ ಅದರ ಅರ್ಧದಷ್ಟು, ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಆದರೆ ಎರಿ ಮಣ್ಣು ಒಮ್ಮೆ ತೊಯ್ದರೆ ಬೆಣ್ಣೆಯಂತಾಗಿ ಅಟ್ಟೆಗೆ ಮೆತ್ತಿಕೊಳ್ಳುತ್ತದೆ. ಆಗ ಜಾರುವುದು ಚರ್ಮವಲ್ಲ, ಮಣ್ಣಿನ ಮೇಲೆ ಮಣ್ಣು. ಕಡ್ಡಿಯಿಂದ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು. ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಮಾತ್ರ ಬೇಡ.

ದ್ವಿಚಕ್ರ ವಾಹನ ಓಡಿಸುವವರು ಸಿಗ್ನಲಿನಲ್ಲಿ ಕಾಲೂರಿದಾಗ ಜಾರಿದರೆ ಅದನ್ನು ಹಗುರವಾಗಿ ಎಣಿಸಬಾರದು. ಗಾಡಿಯ ಭಾರವೆಲ್ಲ ಒಂದೇ ಅಟ್ಟೆಯ ಮೇಲೆ ಬೀಳುತ್ತದೆ. ಮಳೆಯಲ್ಲಿ ಗಾಡಿಗೆ ರಬ್ಬರಿನ ಸ್ಯಾಂಡಲ್ ತೊಟ್ಟು, ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ದು, ಕಚೇರಿಯಲ್ಲಿ ಬದಲಿಸಿಕೊಳ್ಳುವುದೇ ಸರಿಯಾದ ದಾರಿ.

ಹಿಮ್ಮಡಿ ಊರಿದ ಕ್ಷಣದಲ್ಲಿ ಕಾಲು ಮುಂದಕ್ಕೆ ಹೋಗುತ್ತದೆ

ಇದು ಅಪಾಯಕಾರಿ ಲಕ್ಷಣ, ಮನುಷ್ಯ ಹಿಂದಕ್ಕೆ ಬೀಳುವುದು ಹೀಗೆಯೇ. ದೋಷವನ್ನು ಹೀಲಿನಲ್ಲಿ ಹುಡುಕಬೇಕು. ನಡೆಯುವಾಗ ನೆಲವನ್ನು ಮೊದಲು ಮುಟ್ಟುವುದು ಹೀಲಿನ ಹಿಂಬದಿಯ ಅಂಚು, ಅದರಲ್ಲೂ ಸಾಮಾನ್ಯವಾಗಿ ಹೊರ ಮೂಲೆ. ಒಳ್ಳೆಯ ಬೂಟುಗಳಲ್ಲಿ ಆ ಮೂಲೆಗೆ ರಬ್ಬರಿನ ತುಂಡು ಕೂರಿಸಿರುತ್ತಾರೆ. ಅದು ಸವೆದುಹೋದರೆ ನೆಲಕ್ಕೆ ತಾಗುವುದು ಒಳಗಿನ ಚರ್ಮದ ಪದರ ಅಥವಾ ಮೊಳೆಯ ತಲೆ.

ಬೂಟನ್ನು ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟದಿಂದ ನೋಡಿದಾಗ ಹೀಲಿನ ಹಿಂದೆ ಇಳಿಜಾರು ಕಂಡರೆ, ಅಥವಾ ಬೆರಳಿಗೆ ಲೋಹ ತಾಗಿದರೆ, ಆ ರಬ್ಬರನ್ನು ಬದಲಿಸಬೇಕು. ಇದು ಚಪ್ಪಲಿ ಹೊಲಿಯುವವರ ಬಳಿ ಕುಳಿತಿರುವಾಗಲೇ ಮುಗಿಯುವ ಕೆಲಸ. ಬಾಳಿಕೆ ಬರಲೆಂದು ಹೀಲಿಗೆ ಕಬ್ಬಿಣದ ನಾಲು ಹೊಡೆಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹೊಲದ ದಾರಿಗೆ ಅದು ಒಳ್ಳೆಯದೇ, ಒದ್ದೆ ಟೈಲ್ಸಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನಾಲು ಇದ್ದರೆ ತೆಗೆಸಿ ರಬ್ಬರು ಹಾಕಿಸಬೇಕು. ನನ್ನ ಬೂಟಿನ ಗುಟ್ಟೂ ಇದೇ ಆಗಿತ್ತು.

ಮುಂಗಾಲು ಒತ್ತಿ ಹೆಜ್ಜೆ ಎತ್ತುವಾಗ ಹಿಂದಕ್ಕೆ ಜಾರುತ್ತದೆ

ಮೆಟ್ಟಿಲು ಹತ್ತುವಾಗ, ಏರು ನಡೆಯುವಾಗ ಹೀಗಾಗುತ್ತದೆ. ಇಲ್ಲಿ ದೋಷ ಅಟ್ಟೆಯ ಮುಂಭಾಗದ್ದು, ಮತ್ತು ಮೂರು ಸಂಗತಿಗಳನ್ನು ಈ ಅನುಕ್ರಮದಲ್ಲೇ ನೋಡಬೇಕು.

ಮೊದಲನೆಯದು, ಅಟ್ಟೆಗೆ ಏನಾದರೂ ಬಳಿಯಲಾಗಿದೆಯೇ ಎಂಬುದು. ಮಳೆಯಿಂದ ಕಾಪಾಡಲು ಎಣ್ಣೆ, ವ್ಯಾಸಲೀನು, ಮೇಣ, ಪಾಲಿಶ್ ಇವುಗಳನ್ನು ಅಟ್ಟೆಯ ತಳಕ್ಕೆ ಹಚ್ಚುವವರಿದ್ದಾರೆ. ನೀರು ಒಳಗೆ ಇಳಿಯುವುದು ಇದರಿಂದ ಕೊಂಚ ತಡವಾಗಬಹುದು, ಆದರೆ ಹಿಡಿತ ಪೂರ್ತಿ ಹೋಗುತ್ತದೆ. ಅಂಥದನ್ನು ಒಣ ಬಟ್ಟೆಯಿಂದ ತಿಕ್ಕಿ ತೆಗೆದು, ಒಣಗಿದ ಮೇಲೆ ಮರಳು ಕಾಗದ ಆಡಿಸಬೇಕು. ತಲೆಗೂದಲಿಗೆ ಹೊಡೆಯುವ ಸ್ಪ್ರೇ, ಅಂಟಿನ ಹನಿ ಮೊದಲಾದ ಉಪಾಯಗಳೂ ಬೇಡ. ಒಣಗಿದ ಅಂಟು ಗಾಜಿನಂತಾಗುತ್ತದೆ.

ಎರಡನೆಯದು ಸವೆತ. ಒಣಗಿದ ಅಟ್ಟೆಯ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಗಟ್ಟಿಯಾಗಿದ್ದರೆ ಇನ್ನೂ ಆಯುಷ್ಯವಿದೆ. ಹಪ್ಪಳದಂತೆ ತಗ್ಗಿದರೆ ತೂತು ಬೀಳುವ ಹಂತ ಬಂದಿದೆ, ಅದರ ಮೇಲೆ ಏನನ್ನಾದರೂ ಅಂಟಿಸುವುದು ದುಡ್ಡು ದಂಡ. ಅಟ್ಟೆಯನ್ನೇ ಬದಲಿಸಬೇಕು, ಮತ್ತು ಅಂಚನ್ನು ಹೊಲಿದ ಬೂಟಿಗೆ ಅದು ಸಾಧ್ಯ. ಬರೀ ಅಂಟಿಸಿದ ಅಗ್ಗದ ಬೂಟಿಗೆ ಅಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಮೂರನೆಯದು, ಮತ್ತು ನನ್ನ ಲೆಕ್ಕದಲ್ಲಿ ಮಳೆ ನಾಡಿನವರಿಗೆ ನಿಜವಾದ ಪರಿಹಾರ, ಅರ್ಧ ಅಟ್ಟೆಗೆ ತೆಳು ರಬ್ಬರು ಹಾಕಿಸುವುದು. ಒಂದರಿಂದ ಎರಡು ಮಿಲಿಮೀಟರು ದಪ್ಪದ, ಸಣ್ಣ ಗೀರುಗಳುಳ್ಳ ರಬ್ಬರು ಹಾಳೆಯನ್ನು ಬೆರಳುಗಳಿಂದ ಅಂಗಾಲಿನ ಕಮಾನಿನವರೆಗೆ ಅಂಟಿಸುತ್ತಾರೆ. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಕೆಲವು ಗುರುತುಗಳಿವೆ. ಕೆಲಸಗಾರರು ಮೊದಲು ಅರದಿಂದ ಚರ್ಮದ ಹೊಳಪನ್ನು ತೆಗೆಯಬೇಕು, ಚರ್ಮಕ್ಕೂ ರಬ್ಬರಿಗೂ ಎರಡಕ್ಕೂ ಸೊಲ್ಯೂಷನ್ ಎಂಬ ಅಂಟು ಹಚ್ಚಬೇಕು, ಅದು ಬೆರಳಿಗೆ ಅಂಟದಷ್ಟು ಆರುವವರೆಗೆ ಕಾಯಬೇಕು, ಆಮೇಲೆ ಒತ್ತಿ ಸುತ್ತಿಗೆಯಿಂದ ಬಡಿಯಬೇಕು, ಕಮಾನಿನ ಹತ್ತಿರ ರಬ್ಬರಿನ ಅಂಚನ್ನು ರಾಂಪಿಯಿಂದ, ಅಂದರೆ ಚರ್ಮ ಕೊಯ್ಯುವ ಉಳಿಯಿಂದ, ಸವರಿ ತೆಳುಗೊಳಿಸಬೇಕು. ಅವಸರ ಮಾಡಿ ಹಸಿ ಸೊಲ್ಯೂಷನ್ ಮೇಲೆ ಅಂಟಿಸಿದ ರಬ್ಬರು ಮೊದಲ ಮಳೆಗೇ ನಾಲಗೆ ಚಾಚುತ್ತದೆ. ತೊಯ್ದ ಬೂಟನ್ನು ಒಯ್ದರೂ ಅದೇ ಗತಿ, ಆದ್ದರಿಂದ ಎರಡು ದಿನ ಒಣಗಿಸಿಯೇ ಒಯ್ಯಬೇಕು. ಮೃಗಶಿರಕ್ಕೆ ಮೊದಲೇ, ಮೇ ತಿಂಗಳಿನಲ್ಲಿ ಈ ಕೆಲಸ ಮುಗಿಸಿದರೆ ಅವರಿಗೂ ಬಿಡುವಿರುತ್ತದೆ. ಮನೆಯಲ್ಲಿ ನೀವೇ ಅಂಟಿಸುವುದಾದರೆ ಕಿಟಕಿ ತೆರೆದಿಟ್ಟು, ಒಲೆ ದೀಪಗಳಿಂದ ದೂರ ಕುಳಿತು ಮಾಡಬೇಕು. ಆ ಅಂಟಿನ ಆವಿ ತಲೆಸುತ್ತು ತರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ.

ಚರ್ಮಕ್ಕೆ ರಬ್ಬರು ಹಚ್ಚಿದರೆ ಬೂಟಿನ ಅಂದ ಕೆಡುತ್ತದೆ, ಉಸಿರಾಟ ನಿಲ್ಲುತ್ತದೆ ಎನ್ನುವವರಿದ್ದಾರೆ. ನಿಂತಾಗ ರಬ್ಬರು ಯಾರ ಕಣ್ಣಿಗೂ ಬೀಳುವುದಿಲ್ಲ, ಕಾಲಿನ ಬೆವರು ಆರುವುದು ಬಹುಪಾಲು ಮೇಲ್ಭಾಗದಿಂದ.

ಅಟ್ಟೆ ಸ್ಪಂಜಿನಂತೆ ಮೆತ್ತಗಾಗಿದೆ, ಒಳಗೆ ಕಾಲುಚೀಲವೂ ತೊಯ್ದಿದೆ

ಅಥಣಿ, ನಿಪ್ಪಾಣಿಯ ಕಡೆ ಕೊಲ್ಹಾಪುರಿ ಚಪ್ಪಲಿಯನ್ನು ಮಳೆಯಲ್ಲಿ ಮೆಟ್ಟಬೇಡಿ ಎಂದು ಹೇಳುವುದು ಇದೇ ಕಾರಣಕ್ಕೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿದಂತೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಆ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಮಾಡುತ್ತಾರೆ. ಬೂಟಿನ ಅಟ್ಟೆಯ ಚರ್ಮವೂ ಹೀಗೆ ಗಿಡಮೂಲದ ಒಗರಿನಿಂದ ಹದವಾದದ್ದೇ. ಗಟ್ಟಿಯಾಗಿರುತ್ತದೆ, ಆದರೆ ನೀರನ್ನು ಕುಡಿಯುತ್ತದೆ. ಕುಡಿದು ಮೆತ್ತಗಾದ ಅಟ್ಟೆ ಜಾರುವುದಷ್ಟೇ ಅಲ್ಲ, ಒಣಗಿದ್ದಾಗಿನದಕ್ಕಿಂತ ಬಹು ಬೇಗ ಸವೆಯುತ್ತದೆ.

ಈ ಲಕ್ಷಣ ಕಂಡ ದಿನ ಆ ಬೂಟಿನಲ್ಲಿ ನಡೆಯುವುದನ್ನು ನಿಲ್ಲಿಸಬೇಕು. ಒಳಗೆ ಹಳೆಯ ಪತ್ರಿಕೆಯ ಉಂಡೆ ತುಂಬಿ, ಅಟ್ಟೆಗೆ ಗಾಳಿಯಾಡುವಂತೆ ಬೂಟನ್ನು ಮಗ್ಗುಲಿಗೆ ಮಲಗಿಸಿ, ಕಾಗದ ತೊಯ್ದಂತೆ ಬದಲಿಸುತ್ತ 24ರಿಂದ 48 ಗಂಟೆ ನೆರಳಿನಲ್ಲಿ ಒಣಗಿಸಬೇಕು. ಒಲೆಯ ಪಕ್ಕ, ಬಿಸಿ ಸೈಲೆನ್ಸರ್, ಕೂದಲು ಒಣಗಿಸುವ ಯಂತ್ರ ಯಾವುದೂ ಬೇಡ, ಒಮ್ಮೆಲೇ ಕಾವು ತಗುಲಿದ ಚರ್ಮ ಸೆಟೆದು ಬಿರಿಯುತ್ತದೆ. ಬೆಳಗಾವಿಯ ಜುಲೈನಲ್ಲಿ 48 ಗಂಟೆಯೂ ಸಾಲದೆ ಬೂಷ್ಟು ಹಿಡಿಯುವುದುಂಟು. ಫ್ಯಾನಿನ ಕೆಳಗಿಟ್ಟರೆ ತಪ್ಪೇನಿಲ್ಲ. ಎರಡು ಜೊತೆ ಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವವರಿಗೆ ಈ ಕಷ್ಟ ಅಷ್ಟಾಗಿ ಬಾರದು.

ಒಣಗಿದ ಮೇಲೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಕಾಲುಚೀಲ ತೊಯ್ಯುತ್ತಿದ್ದರೆ ಹೊಲಿಗೆ ಬಿಟ್ಟಿದೆ ಅಥವಾ ತೂತು ಬಿದ್ದಿದೆ ಎಂದೇ ತಿಳಿಯಬೇಕು.

ಬೂಟು ನೆಲಕ್ಕೆ ಅಂಟಿದೆ, ಕಾಲು ಒಳಗೆ ಜಾರುತ್ತದೆ

ಹಿಮ್ಮಡಿ ಮೇಲೆದ್ದು ಬರುತ್ತಿದ್ದರೆ ಬೂಟು ದೊಡ್ಡದು ಅಥವಾ ಲೇಸು ಸಡಿಲ. ನೈಲಾನಿನ ತೆಳು ಕಾಲುಚೀಲದ ಬದಲು ಹತ್ತಿಯದನ್ನು ಹಾಕಿ, ಬೇಕಾದರೆ ಒಳಗೊಂದು ತೆಳು ಸುಕತಳಿ (ಪಾದದಡಿಯ ಒಳಹಾಸು) ಸೇರಿಸಿ ನೋಡಬಹುದು.

ರಬ್ಬರು ಹಾಕಿಸಿಯೂ ಜಾರುತ್ತದೆ

ಉಗುರಿನಿಂದ ರಬ್ಬರನ್ನು ಒತ್ತಿ ನೋಡಬೇಕು. ಗುರುತು ಮೂಡದಷ್ಟು ಗಟ್ಟಿಯಿದ್ದರೆ ಅದು ಹೆಸರಿಗಷ್ಟೇ ರಬ್ಬರು. ಗೀರುಗಳು ಸವೆದು ನುಣುಪಾಗಿದ್ದರೆ ಅಥವಾ ಕೆಸರು ತುಂಬಿಕೊಂಡಿದ್ದರೆ ನೀರಿಗೆ ದಾರಿಯಿಲ್ಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಗೀರುಗಳನ್ನು ಬಿಡಿಸಿಕೊಳ್ಳಬೇಕು. ಅಂಚು ಎದ್ದಿದ್ದರೆ ಅಂದೇ ಅಂಟಿಸಿಕೊಳ್ಳಬೇಕು, ಏಕೆಂದರೆ ಎದ್ದ ಅಂಚು ಜಾರಿಸುವುದಕ್ಕಿಂತ ಮೊದಲು ಎಡವಿಸುತ್ತದೆ. ಹಾವಸೆ, ಎಣ್ಣೆ, ಸೋಪಿನ ನೀರು ಇವುಗಳ ಮುಂದೆ ಒಳ್ಳೆಯ ರಬ್ಬರೂ ಸೋಲುತ್ತದೆಂಬುದನ್ನು ಮರೆಯಬಾರದು.

ಯಾವಾಗಲೂ ಒಂದೇ ಕಾಲು ಜಾರುತ್ತದೆ

ಎರಡೂ ಬೂಟುಗಳನ್ನು ಪಕ್ಕಪಕ್ಕ ಬೋರಲಾಗಿಟ್ಟು ಹೋಲಿಸಬೇಕು. ಸವೆತ ಎರಡರಲ್ಲೂ ಒಂದೇ ಬಗೆಯಾಗಿದ್ದರೆ ಜಾರುವ ಬೂಟಿನ ಹೀಲನ್ನೂ ಅಂಟನ್ನೂ ಮತ್ತೊಮ್ಮೆ ನೋಡಬೇಕು. ಒಂದರ ತುದಿ ಮಾತ್ರ, ಅಥವಾ ಒಂದರ ಒಂದು ಬದಿ ಮಾತ್ರ ತೀರ ಸವೆದಿದ್ದರೆ ದೋಷ ಬೂಟಿನದಾಗಿರಲಿಕ್ಕಿಲ್ಲ. ನಮ್ಮ ಹಿರಿಯ ಬಂಧುವೊಬ್ಬರು ಒಂದೇ ಮಳೆಗಾಲದಲ್ಲಿ ಎರಡು ಸಲ ಬಲ ಬೂಟಿನ ತುದಿಗೆ ತೇಪೆ ಹಾಕಿಸಿದಾಗ, ಚಪ್ಪಲಿ ಹೊಲಿಯುವ ಅಜ್ಜ ಬೂಟನ್ನು ಕೆಳಗಿಟ್ಟು, “ಸಾಹೇಬ್ರ, ಬೂಟಿಂದೇನೂ ತಪ್ಪಿಲ್ರಿ, ಕಾಲು ಎಳದು ಇಡಾಕತ್ತೀರಿ, ಡಾಕ್ಟರಿಗೆ ತೋರಸ್ರಿ” ಎಂದಿದ್ದ. ತೋರಿಸಿದಾಗ ಸಕ್ಕರೆ ಕಾಯಿಲೆಯಿಂದ ಪಾದದ ನರ ಮಂದವಾಗಿದ್ದು ತಿಳಿಯಿತು.

ಬೆರಳ ತುದಿ ನೆಲಕ್ಕೆ ಉಜ್ಜುವುದು, ಅಂಗಾಲಿಗೆ ನೆಲದ ತಂಪು ತಿಳಿಯದಿರುವುದು, ಜೋಮು ಹಿಡಿದಂತಿರುವುದು, ಒಂದು ಕಾಲಿನಲ್ಲಿ ಬಲ ಕಡಿಮೆಯಾಗಿರುವುದು ಇವುಗಳಲ್ಲಿ ಯಾವುದೊಂದು ಇದ್ದರೂ ಬೂಟಿನ ದುರಸ್ತಿಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬಲ ಒಮ್ಮೆಲೇ ಕುಗ್ಗಿದ್ದರೆ, ಮಾತು ತೊದಲುತ್ತಿದ್ದರೆ ಅಥವಾ ಮುಖ ಒಂದು ಬದಿಗೆ ಜೋತಿದ್ದರೆ, ಗಂಟೆಗಟ್ಟಲೆ ಕಾಯದೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನರದ ತೊಂದರೆಗೆ ತೋರಿಸಲು ಹೋಗುವಾಗ ಸವೆದ ಆ ಜೊತೆಯನ್ನೇ ಒಯ್ದರೆ ಒಳ್ಳೆಯದು, ನಡಿಗೆಯ ದೋಷ ಅಟ್ಟೆಯ ಮೇಲೆ ಬರೆದಿಟ್ಟಂತೆ ಕಾಣುತ್ತಿರುತ್ತದೆ.